ಹಳೇ ಪಾತ್ ಇನ್ನೂ ಓಡುತ್ತದೆ: ಲಿನಕ್ಸ್ ಟ್ರೇಸಿಂಗ್ ದಾಖಲೆಗಳನ್ನು ತಿದ್ದುವ ಕೆಲಸ

ಇಬಿಪಿಎಫ್ (ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ ಸಣ್ಣ ಪ್ರೋಗ್ರಾಂ ಓಡಿಸುವ ಸೌಲಭ್ಯ) ಕಲಿಯಲು ಕೂತವರು ಮೊದಲ ದಿನವೇ ಟೈಪ್ ಮಾಡುವ ಒಂದು ಸಾಲಿದೆ:

ಸುಡೊ ಕ್ಯಾಟ್ /ಸಿಸ್/ಕರ್ನಲ್/ಡೀಬಗ್/ಟ್ರೇಸಿಂಗ್/ಟ್ರೇಸ್_ಪೈಪ್

(ಓದಲು ಸಲೀಸಾಗಲಿ ಅಂತ ಕಮಾಂಡುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಹೊಡೆಯಬೇಕು.)

ಕರ್ನಲ್ ಒಳಗೆ ಓಡುವ ನಿಮ್ಮ ಪುಟ್ಟ ಪ್ರೋಗ್ರಾಂ ಏನು ಪ್ರಿಂಟ್ ಮಾಡಿತೋ ಅದು ಇಲ್ಲಿ ಸಾಲುಸಾಲಾಗಿ ಬರುತ್ತದೆ. ಟ್ಯುಟೋರಿಯಲ್‌ಗಳಲ್ಲಿ, ಪುಸ್ತಕಗಳಲ್ಲಿ, ಆಫೀಸಿನ ವಿಕಿಯಲ್ಲಿ, ಎಲ್ಲಿ ನೋಡಿದರೂ ಇದೇ ಸಾಲು. ಹೊಡೆದರೆ ಕೆಲಸವನ್ನೂ ಮಾಡುತ್ತದೆ. ಆದರೆ ಈ ಪಾತ್, ಅಂದರೆ ಫೈಲಿನ ವಿಳಾಸ, ಹಳೇದು. 2015ರ ಜೂನ್‌ನಲ್ಲಿ ಬಂದ ಲಿನಕ್ಸ್ 4.1ರಿಂದ ಈ ಫೈಲಿನ ಸರಿಯಾದ ಜಾಗ ಇದು:

/ಸಿಸ್/ಕರ್ನಲ್/ಟ್ರೇಸಿಂಗ್/ಟ್ರೇಸ್_ಪೈಪ್

ನಡುವಿನ 'ಡೀಬಗ್' ಹೋಗಿದೆ, ಅಷ್ಟೇ. ಒಂದೇ ಒಂದು ಪದ. ಆ ಒಂದು ಪದವನ್ನು ಕರ್ನಲ್‌ನ ಸ್ವಂತ ದಾಖಲೆಗಳಿಂದ ಒಟ್ಟಾಗಿ ತೆಗೆದದ್ದು 2023ರಲ್ಲಿ. ಅಂದರೆ ಎಂಟು ವರ್ಷ. ಅಲ್ಲಿರುವವರು ಸೋಮಾರಿಗಳು ಅಂತಲ್ಲ. ಹಳೇ ಪಾತ್ ಮುರಿದುಬಿದ್ದಿದ್ದರೆ ದಾಖಲೆ ಬೇಗನೇ ಸರಿಯಾಗುತ್ತಿತ್ತು. ಅದು ಮುರಿಯಲೇ ಇಲ್ಲ. ಅದಕ್ಕೇ ಉಳಿದುಕೊಂಡಿತು.

ಈ ಕಥೆ ಪೂರ್ತಿ ಗೊತ್ತಾಗಬೇಕಾದರೆ ಆ ಫೈಲುಗಳು ಏನು ಮಾಡುತ್ತವೆ ಅಂತ ಸ್ವಲ್ಪ ನೋಡಬೇಕು.

ಫೈಲಿಗೆ ಬರೆದರೆ ಕರ್ನಲ್ ಕೇಳುತ್ತದೆ

ಕರ್ನಲ್ ಒಳಗೆ ಏನು ನಡೆಯುತ್ತಿದೆ ಅಂತ ನೋಡುವುದಕ್ಕೆ ಟ್ರೇಸಿಂಗ್ ಎನ್ನುತ್ತಾರೆ. ಅದಕ್ಕೆ ಲಿನಕ್ಸ್‌ನಲ್ಲೇ ಬರುವ ಸಾಧನ ಎಫ್‌ಟ್ರೇಸ್. 2008ರ ಅಕ್ಟೋಬರ್‌ನಲ್ಲಿ 2.6.27 ಆವೃತ್ತಿಯ ಜೊತೆ ಬಂತು. ಇದರ ಹಿಂದಿರುವ ಮುಖ್ಯ ಹೆಸರು ಸ್ಟೀವನ್ ರೋಸ್ಟೆಡ್.

ಇದು ಕೆಲಸ ಮಾಡುವ ರೀತಿ ಚೆನ್ನಾಗಿದೆ. ಕರ್ನಲ್ ಅನ್ನು ಕಂಪೈಲ್ ಮಾಡುವಾಗಲೇ ಹೆಚ್ಚುಕಡಿಮೆ ಪ್ರತಿ ಫಂಕ್ಷನ್‌ನ ಶುರುವಿನಲ್ಲಿ ಒಂದು ಸಣ್ಣ ಕರೆಗೆ ಜಾಗ ಇಟ್ಟಿರುತ್ತಾರೆ. ಮಾಮೂಲಿ ದಿನಗಳಲ್ಲಿ ಆ ಜಾಗದಲ್ಲಿ 'ಏನೂ ಮಾಡಬೇಡ' ಎನ್ನುವ ಸೂಚನೆ ಇರುತ್ತದೆ. ಪ್ರೊಸೆಸರ್ ಅದನ್ನು ದಾಟಿಕೊಂಡು ಹೋಗುತ್ತದೆ, ವೇಗಕ್ಕೆ ಹೆಚ್ಚೇನೂ ಪೆಟ್ಟು ಬೀಳುವುದಿಲ್ಲ. ನೀವು ಟ್ರೇಸಿಂಗ್ ಆನ್ ಮಾಡಿದ ಕೂಡಲೇ, ಓಡುತ್ತಿರುವ ಕರ್ನಲ್‌ನ ಕೋಡನ್ನೇ ತಿದ್ದಿ ಅಲ್ಲಿ ನಿಜವಾದ ಕರೆ ಕೂರಿಸುತ್ತಾರೆ. ಆಮೇಲೆ ಯಾವ ಫಂಕ್ಷನ್ ಯಾವಾಗ ಓಡಿತು, ಯಾರು ಕರೆದರು, ಎಲ್ಲವೂ ದಾಖಲಾಗುತ್ತದೆ.

ಇದನ್ನು ಆನ್ ಮಾಡಲು ಬೇರೆ ಸಾಫ್ಟ್‌ವೇರ್ ಬೇಡ. ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಈ ಕೆಳಗಿನದ್ದು ಹೊಡೆದರೆ ಸಾಕು:

ಸಿಡಿ /ಸಿಸ್/ಕರ್ನಲ್/ಟ್ರೇಸಿಂಗ್
ಎಕೋ ಫಂಕ್ಷನ್ > ಕರೆಂಟ್_ಟ್ರೇಸರ್
ಹೆಡ್ ಟ್ರೇಸ್
ಎಕೋ ನಾಪ್ > ಕರೆಂಟ್_ಟ್ರೇಸರ್

ಎರಡನೇ ಸಾಲು ಟ್ರೇಸಿಂಗ್ ಶುರು ಮಾಡಿತು, ಮೂರನೆಯದು ಒಂದಷ್ಟು ಫಲಿತಾಂಶ ತೋರಿಸಿತು, ನಾಲ್ಕನೆಯದು ನಿಲ್ಲಿಸಿತು. ಈ ಫೈಲುಗಳು ಡಿಸ್ಕಿನ ಮೇಲೆ ಇಲ್ಲ. ಕರ್ನಲ್ ತನ್ನ ಒಳಗಿನ ಬಟನ್‌ಗಳನ್ನು, ಮೀಟರ್‌ಗಳನ್ನು ಫೈಲಿನ ರೂಪದಲ್ಲಿ ತೋರಿಸುತ್ತಿದೆ. ಹಾಗಾಗಿ ಇಲ್ಲಿ ಪಾತ್ ಅನ್ನೋದು ಸುಮ್ನೆ ಫೈಲ್ ಎಲ್ಲಿದೆ ಎಂಬ ಮಾಹಿತಿಯಲ್ಲ. ನೀವು ಕರ್ನಲ್ ಜೊತೆ ಮಾತಾಡುವ ದಾರಿಯೇ ಅದು. ಜನ ಅದನ್ನು ಸ್ಕ್ರಿಪ್ಟ್‌ಗಳಲ್ಲಿ ಬರೆದಿಡುತ್ತಾರೆ, ಟೂಲ್‌ಗಳ ಒಳಗೆ ಹೂತಿಡುತ್ತಾರೆ. ಒಮ್ಮೆ ದಾಖಲೆಯಲ್ಲಿ ಬಂದ ಪಾತ್ ಸಾವಿರ ಕಡೆ ಕಾಪಿ ಆಗುತ್ತದೆ.

ಮೊದಲು ಡೀಬಗ್, ಆಮೇಲೆ ಇನ್ನೊಂದು ಡೀಬಗ್

ಎಫ್‌ಟ್ರೇಸ್ ಬಂದಾಗ ಅದರ ಫೈಲುಗಳಿಗೆ ಸ್ವಂತ ಮನೆ ಇರಲಿಲ್ಲ. ಡೀಬಗ್‌ಎಫ್‌ಎಸ್ ಎನ್ನುವ ಫೈಲ್‌ಸಿಸ್ಟಂ ಒಳಗೆ ಒಂದು ಕೋಣೆ ಹಿಡಿದು ಕೂತಿತ್ತು. ಡೀಬಗ್‌ಎಫ್‌ಎಸ್ ಅನ್ನು ಗ್ರೆಗ್ ಕ್ರೋವಾ-ಹಾರ್ಟ್‌ಮನ್ 2004ರ ಕೊನೆಗೆ ಬರೆದರು. ಉದ್ದೇಶ ಸರಳ. ಡ್ರೈವರ್ ಬರೆಯುವವರಿಗೆ ತಮ್ಮ ಒಳಗಿನ ಯಾವುದೋ ಸಂಖ್ಯೆಯನ್ನು ಹೊರಗೆ ತೋರಿಸಬೇಕು ಅನ್ನಿಸಿದರೆ ಒಂದು ಜಾಗ ಬೇಕಿತ್ತು. ಆಗಲೇ ಇದ್ದ ಫೈಲ್‌ಸಿಸ್ಟಂಗಳಲ್ಲಿ 'ಪ್ರಾಕ್' ಇರುವುದು ಪ್ರಾಸೆಸ್‌ಗಳ ಮಾಹಿತಿಗೆ. 'ಸಿಸ್‌ಎಫ್‌ಎಸ್'ನಲ್ಲಿ ಒಂದು ಫೈಲಿಗೆ ಒಂದೇ ಮೌಲ್ಯ ಎಂಬ ಕಟ್ಟುನಿಟ್ಟು. ಡೀಬಗ್‌ಎಫ್‌ಎಸ್‌ನಲ್ಲಿ ಯಾವ ಕಟ್ಟುನಿಟ್ಟೂ ಇಲ್ಲ, ಯಾರು ಏನು ಬೇಕಾದರೂ ಹಾಕಬಹುದು.

ಆ ಕಾಲದಲ್ಲಿ ಅದನ್ನು ಎಲ್ಲಿ ಮೌಂಟ್ ಮಾಡಬೇಕು, ಅಂದರೆ ಯಾವ ಡೈರೆಕ್ಟರಿಗೆ ಜೋಡಿಸಬೇಕು ಎಂಬುದಕ್ಕೂ ಒಮ್ಮತ ಇರಲಿಲ್ಲ. ಎಫ್‌ಟ್ರೇಸ್‌ನ ಮೊದಲ ದಾಖಲೆಯಲ್ಲಿ ಎಲ್ಲಕ್ಕೂ ಮೇಲಿನ ಡೈರೆಕ್ಟರಿಯಲ್ಲೇ '/ಡೀಬಗ್' ಎಂಬ ಡೈರೆಕ್ಟರಿ ಮಾಡಿಕೊಳ್ಳಿ, ಅಲ್ಲಿ ಮೌಂಟ್ ಮಾಡಿ ಅಂತಿತ್ತು. ಬೇರೆ ಕಡೆ '/ಡೀಬಗ್‌ಎಫ್‌ಎಸ್' ಅಂತಿತ್ತು. ಇನ್ನೂ ಕೆಲವು ಕಡೆ '/ಸಿಸ್/ಕರ್ನಲ್/ಡೀಬಗ್'. ಒಂದೇ ಸೋರ್ಸ್ ಕೋಡಿನಲ್ಲಿ ಮೂರು ವಿಳಾಸ! 2009ರಲ್ಲಿ ಒಬ್ಬರು ಕೂತು ಟ್ರೇಸಿಂಗ್ ದಾಖಲೆಗಳಲ್ಲೆಲ್ಲ ಮೂರನೆಯದನ್ನೇ ಹಾಕಿದರು. ಅಂದರೆ ನಾವು ಇಂದು 'ಹಳೇದು' ಎನ್ನುವ ಪಾತ್ ಅಂದಿನ ರಿಪೇರಿಯಿಂದ ಬಂದದ್ದು. ಈ ಕೆಲಸ ಎರಡು ಸಲ ಆಗಿದೆ, ಒಂದು ಸಲವಲ್ಲ.

ಈ ನಡುವೆ ಫೈಲುಗಳ ಹೆಸರುಗಳೂ ಬದಲಾದವು. 'ಐಟರ್_ಸಿಟಿಆರ್‌ಎಲ್' ಎಂಬುದು 'ಟ್ರೇಸ್_ಆಪ್ಷನ್ಸ್' ಆಯಿತು. 'ಟ್ರೇಸಿಂಗ್_ಎನೇಬಲ್ಡ್' ಹೋಗಿ 'ಟ್ರೇಸಿಂಗ್_ಆನ್' ಮಾತ್ರ ಉಳಿಯಿತು. ಇವುಗಳ ಹಳೇ ಹೆಸರು ಹೊಡೆದರೆ 'ಅಂಥ ಫೈಲ್ ಇಲ್ಲ' ಎಂಬ ಉತ್ತರ ಬರುತ್ತದೆ. ಹಾಗಾಗಿ ಇಂದು ಅವು ಹೊಸ ಟ್ಯುಟೋರಿಯಲ್‌ನಲ್ಲಿ ಕಾಣಿಸುವುದು ಅಪರೂಪ. ತಪ್ಪು ತಾನೇ ಬಂದು ಹೇಳುತ್ತದೆ, ಬರೆದವರು ತಿದ್ದಿಕೊಳ್ಳುತ್ತಾರೆ.

ಸ್ವಂತ ಮನೆ ಯಾಕೆ ಬೇಕಾಯಿತು

ಡೀಬಗ್‌ಎಫ್‌ಎಸ್‌ನಲ್ಲಿ ಇರುವುದಕ್ಕೆ ಟ್ರೇಸಿಂಗ್‌ಗೆ ಎರಡು ತೊಂದರೆ ಇತ್ತು.

ಒಂದು, ಭದ್ರತೆ. ಯಾರು ಏನು ಬೇಕಾದರೂ ಹಾಕಬಹುದಾದ ಜಾಗದಲ್ಲಿ ಏನೇನಿದೆ ಅಂತ ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಯಾವುದೋ ಡ್ರೈವರ್ ಹಾರ್ಡ್‌ವೇರ್ ರಿಜಿಸ್ಟರ್‌ಗೆ ನೇರ ಬರೆಯಲು ಒಂದು ಫೈಲ್ ಇಟ್ಟಿರಬಹುದು. ಹಾಗಾಗಿ ಪ್ರೊಡಕ್ಷನ್ ಮೆಷಿನ್‌ಗಳಲ್ಲಿ ಡೀಬಗ್‌ಎಫ್‌ಎಸ್ ಬೇಡವೇ ಬೇಡ ಎನ್ನುವವರು ಜಾಸ್ತಿ. ಆದರೆ ಟ್ರೇಸಿಂಗ್ ಬೇಕಾಗುವುದು ಅಲ್ಲೇ ಅಲ್ವಾ? ಸರ್ವರ್ ನಿಧಾನವಾಗಿದೆ ಅಂತ ನಡುರಾತ್ರಿ ಫೋನ್ ಬರುವುದು ಪ್ರೊಡಕ್ಷನ್‌ನಿಂದ. ಒಂದನ್ನು ತೆರೆಯಲು ಎಲ್ಲವನ್ನೂ ತೆರೆಯಬೇಕಿತ್ತು.

ಎರಡನೆಯದು ಸ್ವಲ್ಪ ಒಳಗಿನ ವಿಷಯ. 2013ರ 3.10 ಆವೃತ್ತಿಯಲ್ಲಿ 'ಇನ್‌ಸ್ಟನ್ಸಸ್' ಎಂಬ ಸೌಲಭ್ಯ ಬಂತು. ಆ ಹೆಸರಿನ ಡೈರೆಕ್ಟರಿ ಒಳಗೆ ನೀವು 'ಎಂಕೆಡಿಐಆರ್' ಕಮಾಂಡಿನಿಂದ ಹೊಸ ಡೈರೆಕ್ಟರಿ ಮಾಡಿದರೆ, ಕರ್ನಲ್ ಅದಕ್ಕೆ ಪ್ರತ್ಯೇಕ ಬಫರ್ (ದಾಖಲಾದದ್ದನ್ನು ತುಂಬಿಡುವ ಜಾಗ) ಕೊಡುತ್ತದೆ. ನೀವು ನೆಟ್‌ವರ್ಕ್ ಘಟನೆಗಳನ್ನು ಒಂದರಲ್ಲಿ, ಶೆಡ್ಯೂಲರ್ ಘಟನೆಗಳನ್ನು ಇನ್ನೊಂದರಲ್ಲಿ ಬೇರೆಬೇರೆಯಾಗಿ ಹಿಡಿಯಬಹುದು. ತುಂಬಾ ಉಪಯೋಗದ ಸಂಗತಿ. ಆದರೆ ಡೀಬಗ್‌ಎಫ್‌ಎಸ್‌ನಲ್ಲಿ ಹೊರಗಿನವರು ಡೈರೆಕ್ಟರಿ ಮಾಡುವುದಕ್ಕೆ, ಅಳಿಸುವುದಕ್ಕೆ ಅವಕಾಶವೇ ಇಲ್ಲ. ಅಡ್ಡದಾರಿ ಹಿಡಿದು, ಲಾಕ್‌ಗಳ ಜೊತೆ ಗುದ್ದಾಡಿ ಹೇಗೋ ಓಡಿಸುತ್ತಿದ್ದರು.

ಹಾಗಾಗಿ ರೋಸ್ಟೆಡ್ 2015ರಲ್ಲಿ ಟ್ರೇಸ್‌ಎಫ್‌ಎಸ್ ಎಂಬ ಪ್ರತ್ಯೇಕ ಫೈಲ್‌ಸಿಸ್ಟಂ ತಂದರು. ಜಾಗ '/ಸಿಸ್/ಕರ್ನಲ್/ಟ್ರೇಸಿಂಗ್'. ಇದಕ್ಕೆ ಡೀಬಗ್‌ಎಫ್‌ಎಸ್ ಬೇಕಾಗಿಯೇ ಇಲ್ಲ. ಇದನ್ನು ಮೌಂಟ್ ಮಾಡುವಾಗ ಯಾವ ಗುಂಪಿಗೆ ಎಷ್ಟು ಅನುಮತಿ ಎಂದು ಹೇಳಬಹುದು. ಟ್ರೇಸಿಂಗ್ ಮಾಡಬೇಕಾದ ಎಂಜಿನಿಯರುಗಳಿಗೆ ಇಷ್ಟನ್ನು ಮಾತ್ರ ತೆರೆದು, ಡೀಬಗ್‌ಎಫ್‌ಎಸ್‌ಗೆ ಬೀಗ ಹಾಕಿಡಬಹುದು.

ಈಗ ಹಳೇ ಪಾತ್ ನಂಬಿದವರ ಗತಿ? ಕರ್ನಲ್ ಜಗತ್ತಿನ ಮೊದಲ ನಿಯಮ: ಬಳಕೆದಾರರ ಪ್ರೋಗ್ರಾಂ ಮುರಿಯಬಾರದು. ಡೀಬಗ್‌ಎಫ್‌ಎಸ್‌ಗೆ ಈ ಭರವಸೆ ಇಲ್ಲ ಅಂತ ಹೇಳುತ್ತಾರೆ. ಆದರೆ ಜನ ಬಳಸಿಬಿಟ್ಟರೆ ಆ ಮಾತು ನಡೆಯುವುದಿಲ್ಲ. 2011ರ ಸುಮಾರಿಗೆ ಟ್ರೇಸ್ ಡೇಟಾದಿಂದ 'ಲಾಕ್_ಡೆಪ್ತ್' ಎಂಬ ಫೀಲ್ಡ್ ತೆಗೆದಾಗ ವಿದ್ಯುತ್ ಬಳಕೆ ತೋರಿಸುವ ಪವರ್‌ಟಾಪ್ ಎಂಬ ಟೂಲ್ ಕೆಟ್ಟಿತು. ಅದು ಡೇಟಾವನ್ನು 'ಇಷ್ಟನೇ ಬೈಟಿನಲ್ಲಿ ಇಂಥದ್ದು' ಅಂತ ಲೆಕ್ಕ ಹಿಡಿದು ಓದುತ್ತಿತ್ತು. ಕೊನೆಗೆ ಏನೂ ಅರ್ಥವಿಲ್ಲದ ನಾಲ್ಕು ಬೈಟು ಖಾಲಿ ಜಾಗವನ್ನು ಅಲ್ಲೇ ಬಿಡಬೇಕಾಯಿತು. ಒಂದು ಫೀಲ್ಡಿಗೇ ಇಷ್ಟಾದರೆ ಇಡೀ ಡೈರೆಕ್ಟರಿ ಎತ್ತಿದರೆ ಕೇಳುವುದೇ ಬೇಡ.

ಅದಕ್ಕೆ ಒಂದು ಉಪಾಯ ಮಾಡಿದರು. ಡೀಬಗ್‌ಎಫ್‌ಎಸ್ ಮೌಂಟ್ ಆಗಿದ್ದರೆ, ಅದರ ಒಳಗಿನ 'ಟ್ರೇಸಿಂಗ್' ಡೈರೆಕ್ಟರಿಗೆ ಯಾರಾದರೂ ಕಾಲಿಟ್ಟ ಕೂಡಲೇ ಟ್ರೇಸ್‌ಎಫ್‌ಎಸ್ ತಾನಾಗಿ ಅಲ್ಲೂ ಮೌಂಟ್ ಆಗುತ್ತದೆ. ಎರಡು ದಾರಿ, ಒಳಗೆ ಅದೇ ಫೈಲುಗಳು. ನೀವೇ ನೋಡಬಹುದು. ಹಳೇ ಪಾತ್ ಅನ್ನು ಇನ್ನೂ ಮುಟ್ಟದಿರುವಾಗ

ಗ್ರೆಪ್ ಟ್ರೇಸ್‌ಎಫ್‌ಎಸ್ /ಪ್ರಾಕ್/ಮೌಂಟ್ಸ್

ಅಂತ ಹುಡುಕಿದರೆ ಸಾಮಾನ್ಯವಾಗಿ ಒಂದು ಸಾಲು ಬರುತ್ತದೆ. ಹಳೇ ಡೈರೆಕ್ಟರಿಗೆ ಒಮ್ಮೆ 'ಎಲ್ಎಸ್' ಹೊಡೆದು ಮತ್ತೆ ನೋಡಿ, ಎರಡಾಗಿರುತ್ತದೆ.

ಎರಡೂ ಒಂದೇ ಎಂಬುದನ್ನು ಮರೆತರೆ ತಲೆಕೆಡುವ ಸಂದರ್ಭಗಳೂ ಇವೆ. 'ಟ್ರೇಸ್_ಪೈಪ್' ಓದಿದರೆ ಓದಿದ ಸಾಲು ಬಫರ್‌ನಿಂದ ಹೋಗಿಬಿಡುತ್ತದೆ. ಒಂದು ಟರ್ಮಿನಲ್‌ನಲ್ಲಿ ಹಳೇ ಪಾತ್‌ನಿಂದ, ಇನ್ನೊಂದರಲ್ಲಿ ಹೊಸ ಪಾತ್‌ನಿಂದ ಓದುತ್ತಾ ಕೂತರೆ ಸಾಲುಗಳು ಇಬ್ಬರಿಗೂ ಹಂಚಿಹೋಗುತ್ತವೆ. ಅರ್ಧ ಔಟ್‌ಪುಟ್ ಎಲ್ಲಿ ಹೋಯಿತು ಅಂತ ಇಬ್ಬರೂ ಹುಡುಕುತ್ತಿರುತ್ತಾರೆ.

ಕೆಲಸ ಮಾಡುವುದೇ ತೊಂದರೆ

ಮನೆ ಬದಲಿಸಿದ ಮೇಲೆ ಹಳೇ ಮನೆಯವರು ಬಂದ ಕಾಗದಗಳನ್ನೆಲ್ಲ ತಪ್ಪದೆ ತಂದುಕೊಡುತ್ತಿದ್ದರೆ, ಬ್ಯಾಂಕಿಗೆ ಹೋಗಿ ವಿಳಾಸ ಬದಲಿಸುವವರು ಯಾರು? ದಾಖಲೆಗಳಿಗೂ ಹಾಗೇ ಆಯಿತು. ಹಳೇ ಪಾತ್ ಹೊಡೆದವರಿಗೆ ಎಚ್ಚರಿಕೆ ಬರಲಿಲ್ಲ, ಎರರ್ ಬರಲಿಲ್ಲ. ಹೊಸದಾಗಿ ದಾಖಲೆ ಬರೆಯುವವರು ಪಕ್ಕದ ದಾಖಲೆ ನೋಡಿ ಬರೆಯುತ್ತಾರೆ. ಪಕ್ಕದ್ದು ಹಳೇದು. ಹೀಗೆ 4.1 ಬಂದ ಮೇಲೆ ಬರೆದ ಬರಹಗಳಲ್ಲೂ ಹಳೇ ಪಾತ್ ಸೇರಿಕೊಂಡಿತು.

ಮುಖ್ಯ ದಾಖಲೆಯಾದ 'ಎಫ್‌ಟ್ರೇಸ್.ಆರ್‌ಎಸ್‌ಟಿ' ಮಾತ್ರ ಹೊಸದನ್ನು ಸ್ಪಷ್ಟವಾಗಿ ಹೇಳುತ್ತಿತ್ತು. 4.1ಕ್ಕೆ ಮುಂಚೆ ಎಲ್ಲಿತ್ತು, ಈಗ ಎಲ್ಲಿದೆ, ಹಳೇದು ಯಾಕೆ ಇನ್ನೂ ಕಾಣುತ್ತದೆ ಎಂದು ಅಲ್ಲೇ ವಿವರಣೆ ಇತ್ತು. ಆದರೆ ಅದೇ ಡೈರೆಕ್ಟರಿಯ ಪಕ್ಕದ ಪುಟಗಳು, ಅಂದರೆ ಈವೆಂಟ್‌ಗಳ ಪುಟ, ಕೆ-ಪ್ರೋಬ್, ಯು-ಪ್ರೋಬ್ (ಕರ್ನಲ್‌ನಲ್ಲಿ, ಬಳಕೆದಾರರ ಪ್ರೋಗ್ರಾಂನಲ್ಲಿ ಬೇಕಾದ ಕಡೆ ಕಣ್ಣಿಡುವ ಸಾಧನಗಳು), ಎಂಎಂಐಒಟ್ರೇಸ್ ಪುಟಗಳು, ಹಳೇದನ್ನೇ ಹೇಳುತ್ತಿದ್ದವು. ಹೊಸಬರು ಎರಡನ್ನೂ ಓದಿದರೆ ಇವು ಎರಡು ಬೇರೆಬೇರೆ ಸೌಲಭ್ಯ ಅಂದುಕೊಳ್ಳುವುದು ಸಹಜ.

2023ರ ಶುರುವಿನಲ್ಲಿ ಇದನ್ನು ಸಾಲಾಗಿ ಸರಿಪಡಿಸುವ ಪ್ಯಾಚ್‌ಗಳು (ತಿದ್ದುಪಡಿಗಳು) ಬಂದವು. 'ಯಾವಾಗಲೂ ಅಧಿಕೃತ ಪಾತ್ ಬಳಸಿ' ಎಂಬರ್ಥದ ಶೀರ್ಷಿಕೆ. ದಾಖಲೆ ಮಾತ್ರವಲ್ಲ, ಕೋಡಿನ ಕಾಮೆಂಟುಗಳು, ಕರ್ನಲ್ ಕಾನ್ಫಿಗರ್ ಮಾಡುವಾಗ ಕಾಣುವ ಸಹಾಯದ ಸಾಲುಗಳು, ಮಾದರಿ ಪ್ರೋಗ್ರಾಂಗಳು, ಎಲ್ಲದಕ್ಕೂ ಬೇರೆಬೇರೆ ಪ್ಯಾಚ್. ಒಂದು ಪದಕ್ಕೆ ಇಷ್ಟೊಂದು ಯಾಕೆ ಅಂದರೆ, ಕರ್ನಲ್‌ನಲ್ಲಿ ಪ್ರತಿ ಭಾಗಕ್ಕೂ ಬೇರೆ ಮೇಂಟೇನರ್ (ಅದನ್ನು ನೋಡಿಕೊಳ್ಳುವವರು) ಇರುತ್ತಾರೆ. ದಾಖಲೆಯದ್ದು ಒಬ್ಬರ ಮೂಲಕ ಹೋಗಬೇಕು, ಟ್ರೇಸಿಂಗ್ ಕೋಡಿನದ್ದು ಇನ್ನೊಬ್ಬರ ಮೂಲಕ.

ಈಗ ಇದು ಬರೀ ಚೆಂದದ ಪ್ರಶ್ನೆಯಾಗಿ ಉಳಿದಿಲ್ಲ. ಆಂಡ್ರಾಯ್ಡ್ 11ರಿಂದ ಜನರ ಕೈಗೆ ಹೋಗುವ ಫೋನುಗಳಲ್ಲಿ ಡೀಬಗ್‌ಎಫ್‌ಎಸ್ ಮೌಂಟ್ ಮಾಡುವಂತಿಲ್ಲ. ಸರ್ವರ್‌ಗಳಲ್ಲೂ ಬೂಟ್ ಆಗುವಾಗಲೇ 'ಡೀಬಗ್‌ಎಫ್‌ಎಸ್=ಆಫ್' ಎಂದು ಕೊಟ್ಟು ಪೂರ್ತಿ ಮುಚ್ಚಬಹುದು. ಅಂಥ ಕಡೆ ಹಳೇ ಪಾತ್ ಇರುವುದೇ ಇಲ್ಲ, ಹೊಸದು ಆರಾಮಾಗಿ ಓಡುತ್ತದೆ. ಇನ್ನೂ ದೊಡ್ಡ ಸುದ್ದಿ 2025ರದ್ದು. 6.17ರಿಂದ ಆ ತಾನಾಗಿ ಮೌಂಟ್ ಆಗುವ ಏರ್ಪಾಟನ್ನೇ ಕೈಬಿಡುವ ದಾರಿಗೆ ಹಾಕಿದ್ದಾರೆ. ಹಳೇ ಪಾತ್ ಮುಟ್ಟಿದರೆ ಕರ್ನಲ್ ಲಾಗ್‌ನಲ್ಲಿ ಎಚ್ಚರಿಕೆ ಬೀಳುತ್ತದೆ, 2030ರಲ್ಲಿ ಇದನ್ನು ತೆಗೆಯುತ್ತೇವೆ ಎಂದು. ಡಿಸ್ಟ್ರೋಗಳು (ಉಬುಂಟುವಿನಂಥ ಲಿನಕ್ಸ್ ಹಂಚಿಕೆಗಳು) ಬೇಕಾದರೆ ಈಗಲೇ ಆಫ್ ಮಾಡಲು ಕಾನ್ಫಿಗ್ ಆಯ್ಕೆಯೂ ಇದೆ. ಹತ್ತು ವರ್ಷ ಸುಮ್ಮನಿದ್ದು ಈಗ ಬಾಯಿಬಿಟ್ಟಿದ್ದಾರೆ. ನನ್ನ ಕೇಳಿದರೆ ಆ ಎಚ್ಚರಿಕೆಯ ಸಾಲನ್ನು 2015ರಲ್ಲೇ ಹಾಕಿದ್ದರೆ ಒಳ್ಳೆಯದಿತ್ತು.

ಹುಡುಕಿ ಬದಲಿಸಿ, ಆದರೆ ಕಣ್ಣು ಮುಚ್ಚಿ ಬೇಡ

ಈಗ ನಿಮ್ಮ ಕೈಯಲ್ಲಿ ಒಂದು ದಾಖಲೆಗಳ ರಾಶಿ ಇದೆ ಅಂದುಕೊಳ್ಳಿ. ಕರ್ನಲ್‌ನದ್ದಿರಲಿ, ನಿಮ್ಮ ಕಂಪನಿಯ ರನ್‌ಬುಕ್ (ಕೆಲಸದ ಕ್ರಮ ಬರೆದಿಟ್ಟ ಪುಸ್ತಕ) ಇರಲಿ. ಮೊದಲ ಯೋಚನೆ: 'ಸೆಡ್' (ಪದ ಹುಡುಕಿ ಬದಲಿಸುವ ಕಮಾಂಡ್) ಹೊಡೆದು ಒಂದೇ ಏಟಿಗೆ ಮುಗಿಸೋಣ. ತಡೆಯಿರಿ. ಮೊದಲು ಬರೀ ಹುಡುಕಿ:

ಗಿಟ್ ಗ್ರೆಪ್ ಸಿಸ್/ಕರ್ನಲ್/ಡೀಬಗ್

ಬರುವ ಸಾಲುಗಳಲ್ಲಿ ಇಂಥ ಮೂರು ಸಿಗುತ್ತವೆ:

/ಸಿಸ್/ಕರ್ನಲ್/ಡೀಬಗ್/ಟ್ರೇಸಿಂಗ್/ಕೆಪ್ರೋಬ್_ಈವೆಂಟ್ಸ್
/ಸಿಸ್/ಕರ್ನಲ್/ಡೀಬಗ್/ಕೆಪ್ರೋಬ್ಸ್/ಲಿಸ್ಟ್
/ಸಿಸ್/ಕರ್ನಲ್/ಡೀಬಗ್/ಡೈನಾಮಿಕ್_ಡೀಬಗ್/ಕಂಟ್ರೋಲ್

ಮೊದಲನೆಯದು ಬದಲಾಗಬೇಕು. ಎರಡನೆಯದನ್ನು ಮುಟ್ಟಬಾರದು. ಎರಡೂ ಕೆ-ಪ್ರೋಬ್‌ಗೆ ಸೇರಿದವೇ. ಆದರೆ ಹೊಸ ಪ್ರೋಬ್ ಸೇರಿಸುವ ಫೈಲ್ ಟ್ರೇಸಿಂಗ್‌ನದ್ದು, ಈಗಾಗಲೇ ಕೂತಿರುವ ಪ್ರೋಬ್‌ಗಳ ಪಟ್ಟಿ ತೋರಿಸುವ ಫೈಲ್ ಡೀಬಗ್‌ಎಫ್‌ಎಸ್‌ನಲ್ಲೇ ಉಳಿದಿದೆ. ಮೂರನೆಯದೂ ನಿಜವಾಗಿ ಡೀಬಗ್‌ಎಫ್‌ಎಸ್‌ನದ್ದೇ. ಡೀಬಗ್‌ಎಫ್‌ಎಸ್ ಇಲ್ಲದ ಕಡೆ ಅದಕ್ಕೆ '/ಪ್ರಾಕ್/ಡೈನಾಮಿಕ್_ಡೀಬಗ್/ಕಂಟ್ರೋಲ್' ಎಂಬ ಬದಲಿ ಇದೆ. ಅದು ಬೇರೆ ಕಥೆ. 'ಡೀಬಗ್' ಕಂಡಲ್ಲೆಲ್ಲ ಕಿತ್ತುಹಾಕಿದರೆ ಇರುವ ಎರಡು ಸರಿಯಾದ ಸಾಲುಗಳನ್ನು ನೀವೇ ಕೆಡಿಸಿದಂತಾಗುತ್ತದೆ. 'ಡೀಬಗ್/ಟ್ರೇಸಿಂಗ್' ಜೋಡಿ ಇದ್ದಲ್ಲಿ ಮಾತ್ರ ಕೈಹಾಕಬೇಕು.

ಇದಕ್ಕಿಂತ ಕಣ್ಣಿಗೆ ಬೀಳದ ತಪ್ಪು ಇನ್ನೊಂದಿದೆ. ಎಂಎಂಐಒಟ್ರೇಸ್‌ನ ದಾಖಲೆಯನ್ನೇ ತಗೊಳ್ಳಿ. ಹಾರ್ಡ್‌ವೇರ್ ಡ್ರೈವರ್ ಯಾವ ವಿಳಾಸಕ್ಕೆ ಏನು ಬರೆಯುತ್ತದೆ ಅಂತ ಕದ್ದು ನೋಡುವ ಟ್ರೇಸರ್ ಅದು. ಹಳೇ ದಾಖಲೆಯ ಶುರುವಿನಲ್ಲಿ ಹೀಗಿತ್ತು:

ಮೌಂಟ್ -ಟಿ ಡೀಬಗ್‌ಎಫ್‌ಎಸ್ ಡೀಬಗ್‌ಎಫ್‌ಎಸ್ /ಸಿಸ್/ಕರ್ನಲ್/ಡೀಬಗ್
ಎಕೋ ಎಂಎಂಐಒಟ್ರೇಸ್ > /ಸಿಸ್/ಕರ್ನಲ್/ಡೀಬಗ್/ಟ್ರೇಸಿಂಗ್/ಕರೆಂಟ್_ಟ್ರೇಸರ್

ಸೆಡ್ ಎರಡನೇ ಸಾಲನ್ನು ಚೆನ್ನಾಗಿ ಬದಲಿಸುತ್ತದೆ. ಮೊದಲನೇ ಸಾಲು ಅದರ ಕಣ್ಣಿಗೆ ಬೀಳುವುದಿಲ್ಲ. ಈಗ ಏನಾಯಿತು? ದಾಖಲೆ ಹೇಳಿದಂತೆ ಡೀಬಗ್‌ಎಫ್‌ಎಸ್ ಮೌಂಟ್ ಮಾಡಿದಿರಿ. ಆದರೆ ಬರೆಯಲು ಹೊರಟಿದ್ದು '/ಸಿಸ್/ಕರ್ನಲ್/ಟ್ರೇಸಿಂಗ್'ಗೆ. ಡೀಬಗ್‌ಎಫ್‌ಎಸ್ ಮೌಂಟ್ ಮಾಡಿದ್ದರಿಂದ ಆ ಜಾಗದಲ್ಲಿ ಏನೂ ಆಗುವುದಿಲ್ಲ. ಡೈರೆಕ್ಟರಿ ಇರುತ್ತದೆ, ಒಳಗೆ ಖಾಲಿ. ಮೊದಲು ಓಡುತ್ತಿದ್ದ ದಾಖಲೆ ಈಗ ತಿದ್ದಿದ ಮೇಲೆ ಓಡುವುದಿಲ್ಲ! ಸಿಸ್ಟಂಡಿ (ಬೂಟ್ ಆಗುವಾಗ ಎಲ್ಲವನ್ನೂ ಶುರುಮಾಡುವ ಪ್ರೋಗ್ರಾಂ) ಇರುವ ಇತ್ತೀಚಿನ ಡಿಸ್ಟ್ರೋಗಳಲ್ಲಿ ಎರಡೂ ಬೂಟ್ ಆಗುವಾಗಲೇ ಮೌಂಟ್ ಆಗಿರುವುದರಿಂದ ತಿದ್ದಿದವರಿಗೆ ಇದು ಗೊತ್ತಾಗುವುದೇ ಇಲ್ಲ. ಸಣ್ಣ ಎಂಬೆಡೆಡ್ ಬೋರ್ಡಿನಲ್ಲಿ, ಎಲ್ಲವನ್ನೂ ಕೈಯಲ್ಲೇ ಮೌಂಟ್ ಮಾಡುವವರಿಗೆ ಗೊತ್ತಾಗುತ್ತದೆ. ಪಾತ್ ಬದಲಿಸಿದ ಕಡೆಯಲ್ಲೆಲ್ಲ ಮೇಲೆ ಹತ್ತು ಸಾಲು ಓದಿ, ಮೌಂಟ್ ಸಾಲು ಇದ್ದರೆ ಅದನ್ನೂ ಹೀಗೆ ಬದಲಿಸಿ:

ಮೌಂಟ್ -ಟಿ ಟ್ರೇಸ್‌ಎಫ್‌ಎಸ್ ನೋಡೆವ್ /ಸಿಸ್/ಕರ್ನಲ್/ಟ್ರೇಸಿಂಗ್

ಪ್ರತಿ ಬೂಟ್‌ಗೂ ಬೇಕಾದರೆ ಮೌಂಟ್‌ಗಳ ಪಟ್ಟಿ ಇರುವ 'ಎಫ್‌ಎಸ್‌ಟ್ಯಾಬ್' ಫೈಲಿನಲ್ಲಿ ಒಂದು ಸಾಲು ಹಾಕಿಕೊಳ್ಳಬಹುದು.

ಹುಡುಕಾಟಕ್ಕೆ ಸಿಗದ ಹಳೇ ಪಾತ್‌ಗಳೂ ಇರುತ್ತವೆ. ಕೆಲವರು ಮೇಲೆ 'ಸಿಡಿ /ಸಿಸ್/ಕರ್ನಲ್/ಡೀಬಗ್' ಅಂತ ಬರೆದು, ಆಮೇಲೆ ಬರೀ 'ಟ್ರೇಸಿಂಗ್/ಈವೆಂಟ್ಸ್' ಎಂದು ಮುಂದುವರಿಸಿರುತ್ತಾರೆ. ಇನ್ನು ಕೆಲವರು ಒಂದು ವೇರಿಯಬಲ್‌ನಲ್ಲಿ ಡೀಬಗ್‌ಎಫ್‌ಎಸ್‌ನ ಜಾಗ ಇಟ್ಟು, ಅದರ ಹಿಂದೆ '/ಟ್ರೇಸಿಂಗ್' ಅಂಟಿಸುತ್ತಾರೆ. ಪೂರ್ತಿ ಪಾತ್ ಎಲ್ಲೂ ಒಟ್ಟಿಗೆ ಕಾಣುವುದಿಲ್ಲ, ಗ್ರೆಪ್‌ಗೆ ಸಿಗುವುದೂ ಇಲ್ಲ. ವಾಕ್ಯಗಳಲ್ಲಿ ಅಡಗಿರುವುದೂ ಉಂಟು: 'ಡೀಬಗ್‌ಎಫ್‌ಎಸ್‌ನಲ್ಲಿರುವ ಟ್ರೇಸಿಂಗ್ ಫೈಲುಗಳು' ಎಂಬ ಮಾತು. ಕಮಾಂಡ್ ಹೊಸದು, ಅದರ ವಿವರಣೆ ಹಳೇದು ಆದರೆ ಓದುವವರಿಗೆ ಇನ್ನೂ ಗೊಂದಲ. ಹಾಗಾಗಿ 'ಡೀಬಗ್‌ಎಫ್‌ಎಸ್' ಎಂಬ ಪದವನ್ನೂ ಪ್ರತ್ಯೇಕವಾಗಿ ಹುಡುಕಿ, ಒಂದೊಂದನ್ನೂ ಓದಿ ತೀರ್ಮಾನಿಸಬೇಕು. ಬೇಜಾರಿನ ಕೆಲಸ, ಬೇರೆ ದಾರಿಯಿಲ್ಲ.

ಕರ್ನಲ್‌ನಲ್ಲಿ 'ಮೇಕ್ ರೆಫ್‌ಚೆಕ್‌ಡಾಕ್ಸ್' ಎಂಬ ತಪಾಸಣೆ ಇದೆ. 2018ರಲ್ಲಿ ಟ್ರೇಸಿಂಗ್ ದಾಖಲೆಗಳೆಲ್ಲ 'ಟಿಎಕ್ಸ್‌ಟಿ'ಯಿಂದ 'ಆರ್‌ಎಸ್‌ಟಿ'ಗೆ ಬದಲಾದಾಗ, ಹಳೇ ಫೈಲ್ ಹೆಸರು ಹೇಳುವ ಎಷ್ಟೋ ಸಾಲುಗಳು ದಾರಿತಪ್ಪಿದ್ದವು. ಅಂಥವನ್ನು ಈ ತಪಾಸಣೆ ಹಿಡಿದುಕೊಡುತ್ತದೆ. ಆದರೆ ಅದು ನೋಡುವುದು ದಾಖಲೆಯಿಂದ ದಾಖಲೆಗೆ ಹೋಗುವ ಕೊಂಡಿಗಳನ್ನು. '/ಸಿಸ್' ಒಳಗಿನ ಫೈಲ್ ಇರುವುದು ಓಡುತ್ತಿರುವ ಮೆಷಿನ್‌ನಲ್ಲಿ, ಸೋರ್ಸ್ ಕೋಡಿನಲ್ಲಲ್ಲ. ಅದನ್ನು ಪರೀಕ್ಷಿಸಲು ದಾಖಲೆಯ ಸಾಲನ್ನು ಕಾಪಿ ಮಾಡಿ ಟರ್ಮಿನಲ್‌ಗೆ ಹಾಕಿ ನೋಡಬೇಕು. ಒಳ್ಳೆಯದು ಅಂದರೆ ಡೀಬಗ್‌ಎಫ್‌ಎಸ್ ಆಫ್ ಮಾಡಿ ಬೂಟ್ ಮಾಡಿದ ಒಂದು ವರ್ಚುವಲ್ ಮೆಷಿನ್‌ನಲ್ಲಿ. ಅಲ್ಲಿ ಹಳೇ ಪಾತ್ ಎಲ್ಲಿ ಅಡಗಿದ್ದರೂ ಕೂಡಲೇ ಕೈಕೊಡುತ್ತದೆ.

ಹೀಗೆ ಪರೀಕ್ಷಿಸುವಾಗ 'ಪರ್ಮಿಷನ್ ಡಿನೈಡ್' ಬಂದರೆ ಪಾತ್ ತಪ್ಪು ಅಂದುಕೊಳ್ಳಬೇಡಿ. ಈ ಡೈರೆಕ್ಟರಿಗಳು ಸಾಮಾನ್ಯವಾಗಿ ರೂಟ್‌ಗೆ ಮಾತ್ರ. 'ಸುಡೊ ಎಕೋ' ಅಂತ ಹೊಡೆದು '>' ಹಾಕಿದರೂ ಆಗುವುದಿಲ್ಲ. ಎಕೋ ಮಾತ್ರ ರೂಟ್ ಆಗಿ ಓಡುತ್ತದೆ, ಫೈಲ್ ತೆರೆಯುವುದು ನಿಮ್ಮ ಮಾಮೂಲಿ ಶೆಲ್. 'ಸುಡೊ ಟೀ' ಬಳಸಿ, ಇಲ್ಲವೇ ಪೂರ್ತಿ ರೂಟ್ ಶೆಲ್‌ಗೆ ಹೋಗಿ. ಕರ್ನಲ್ ದಾಖಲೆಗಳಲ್ಲಿ ಕಮಾಂಡಿನ ಮುಂದೆ '#' ಗುರುತು ಇದ್ದರೆ ಅದರರ್ಥ ಇದೇ.

ಸ್ಕ್ರಿಪ್ಟ್ ಬರೆಯುವವರಿಗೆ ಬೇರೆ ಲೆಕ್ಕ

ಕರ್ನಲ್ ಜೊತೆ ಬರುವ ದಾಖಲೆ ಆ ಆವೃತ್ತಿಗೆ ಮಾತ್ರ ಉತ್ತರ ಕೊಟ್ಟರೆ ಸಾಕು. ಅಲ್ಲಿ ಹಳೇದನ್ನು ಅಳಿಸಿ ಹೊಸದನ್ನು ಹಾಕುವುದೇ ಸರಿ. ಆದರೆ ನಿಮ್ಮ ಆಫೀಸಿನ ಸ್ಕ್ರಿಪ್ಟ್ ಯಾವ ಮೆಷಿನ್‌ನಲ್ಲಿ ಓಡುತ್ತದೋ ಹೇಳಲಾಗದು. ಮೂಲೆಯಲ್ಲಿ ಉಬುಂಟು 14.04ರ ಒಂದು ಡಬ್ಬ ಇನ್ನೂ ಗುಂಯ್‌ಗುಡುತ್ತಿರಬಹುದು. ಅದರ 3.13 ಕರ್ನಲ್‌ನಲ್ಲಿ ಹೊಸ ಪಾತ್ ಇಲ್ಲ. ಅಂಥ ಕಡೆ ಮೊದಲು ಹೊಸದು, ಸಿಗದಿದ್ದರೆ ಹಳೇದು ಎಂಬ ಕ್ರಮದಲ್ಲಿ ಹುಡುಕಬೇಕು. ಕರ್ನಲ್‌ನ ಸ್ವಂತ ಎಫ್‌ಟ್ರೇಸ್ ಪರೀಕ್ಷೆಗಳೂ ಹೀಗೇ ಮಾಡುತ್ತವೆ.

ಹುಡುಕುವಾಗ ಡೈರೆಕ್ಟರಿ ಇದೆಯೇ ಎಂದು ಮಾತ್ರ ನೋಡಬೇಡಿ. ಮೌಂಟ್ ಆಗದಿದ್ದರೂ '/ಸಿಸ್/ಕರ್ನಲ್/ಟ್ರೇಸಿಂಗ್' ಎಂಬ ಖಾಲಿ ಡೈರೆಕ್ಟರಿ ಇರುತ್ತದೆ ಅಂತ ಮೇಲೆ ನೋಡಿದೆವಲ್ಲ. ಒಳಗೆ 'ಟ್ರೇಸ್' ಎಂಬ ಫೈಲ್ ಇದೆಯೇ ನೋಡಿ. ಇಲ್ಲವೇ '/ಪ್ರಾಕ್/ಮೌಂಟ್ಸ್' ಓದಿ ಟ್ರೇಸ್‌ಎಫ್‌ಎಸ್ ಎಲ್ಲಿ ಕೂತಿದೆ ಅಂತ ಕರ್ನಲ್‌ನಿಂದಲೇ ತಿಳಿದುಕೊಳ್ಳಿ. ಸಿ ಭಾಷೆಯಲ್ಲಿ ಬರೆಯುವವರಿಗೆ ಈ ತಲೆನೋವೂ ಬೇಡ. 'ಲಿಬ್‌ಟ್ರೇಸ್‌ಎಫ್‌ಎಸ್' ಎಂಬ ಲೈಬ್ರರಿ ಇದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ.

ಕೊನೆಗೆ ಬದಲಿಸಬಾರದ್ದು ಒಂದಿದೆ. 4.1ಕ್ಕೆ ಮುಂಚೆ ಈ ಫೈಲುಗಳು ಎಲ್ಲಿದ್ದವು ಎಂದು ಹೇಳುವ 'ಎಫ್‌ಟ್ರೇಸ್.ಆರ್‌ಎಸ್‌ಟಿ'ಯ ಆ ವಿವರಣೆ. ಅಲ್ಲಿ ಹಳೇ ಪಾತ್ ಹಳೇದಾಗಿಯೇ ಇರಬೇಕು. ಯಾರೋ ಅವಸರದಲ್ಲಿ ಸೆಡ್ ಹೊಡೆದರೆ 'ಮೊದಲು ಫೈಲುಗಳು /ಸಿಸ್/ಕರ್ನಲ್/ಟ್ರೇಸಿಂಗ್‌ನಲ್ಲಿದ್ದವು, ಈಗ /ಸಿಸ್/ಕರ್ನಲ್/ಟ್ರೇಸಿಂಗ್‌ನಲ್ಲಿವೆ' ಎಂಬ ಘನವಾದ ಮಾಹಿತಿ ಉಳಿಯುತ್ತದೆ. ಪ್ಯಾಚ್ ಕಳಿಸುವ ಮುನ್ನ ಡಿಫ್ (ಬದಲಾದ ಸಾಲುಗಳ ಪಟ್ಟಿ) ಅನ್ನು ಒಮ್ಮೆ ಮೇಲಿಂದ ಕೆಳಗೆ ಓದಿದರೆ ಇಂಥದ್ದು ಕಣ್ಣಿಗೆ ಬೀಳುತ್ತದೆ.